ಅಪ್‌ಡೇಟ್: ಕೆಲಸದ ದಿನಗಳ ಕಡಿತ ಮತ್ತು ಜಮೆಯಾಗದ ಪಿಎಫ್

ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ದುಡಿಯುವ ನಮ್ಮನ್ನು ಆರ್ಡರ್ ಇಲ್ಲವೆಂದು ವಾರಕ್ಕೆ ಮೂರೇ ದಿನ ಕರೆಯುತ್ತಿದ್ದಾರೆ, ಸಂಬಳದಲ್ಲಿ ಹಿಡಿದ ಪಿಎಫ್ ಹಣವೂ ಜಮೆಯಾದಂತಿಲ್ಲ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ರಾಜೀನಾಮೆ ಕೊಡದೆ ಮೊದಲು ದಾಖಲೆ ಕೂಡಿಸಿ ಎಂದವರ ಸಲಹೆಯೇ ಕೈಹಿಡಿಯಿತು.

ಪ್ರತಿ ತಿಂಗಳ ವಂತಿಗೆಯನ್ನು ಮಾಲೀಕರು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನನ್ನ ಪಿಎಫ್ ಪಾಸ್‌ಬುಕ್‌ನಲ್ಲಿ ಜೂನ್ ನಂತರ ಒಂದು ಸಾಲೂ ಇಲ್ಲ. ಅದೇ ತಿಂಗಳುಗಳ ಸಂಬಳದ ಚೀಟಿಯಲ್ಲಿ ಮಾತ್ರ 12% ಕಡಿತ ಸ್ಪಷ್ಟವಾಗಿ ಅಚ್ಚಾಗಿದೆ. ಕೇಳಿದರೆ ಸರ್ವರ್ ಸಮಸ್ಯೆಯಂತೆ. (ಹಣ ಹಿಡಿಯುವಾಗ ಆ ಸರ್ವರ್ ಎಂದೂ ಕೆಟ್ಟಿದ್ದಿಲ್ಲ.) ಎರಡನ್ನೂ ಲಗತ್ತಿಸಿ ಭವಿಷ್ಯನಿಧಿ ಸಂಸ್ಥೆಯ ಆನ್‌ಲೈನ್ ದೂರು ವ್ಯವಸ್ಥೆಯಲ್ಲಿ ದೂರು ದಾಖಲಿಸಿ, ಪ್ರತಿಯನ್ನು ಚಿಕ್ಕಮಗಳೂರಿನ ಕಚೇರಿಗೂ ತಲುಪಿಸಿದೆ.

ಕೆಲಸವಿಲ್ಲದ ದಿನಗಳ ವಿಷಯ ಇನ್ನೂ ಜಟಿಲವಾಗಿದೆ. 50 ಅಥವಾ ಹೆಚ್ಚು ಕಾರ್ಮಿಕರಿರುವ, ಋತುಮಾನದ್ದಲ್ಲದ ಕಾರ್ಖಾನೆಯಲ್ಲಿ ಒಂದು ವರ್ಷದ ನಿರಂತರ ಸೇವೆ ಪೂರೈಸಿದವರನ್ನು ಲೇ-ಆಫ್ ಮಾಡಿದರೆ, ಅಂದರೆ ನೌಕರಿಯಿಂದ ತೆಗೆಯದೆ ತಾತ್ಕಾಲಿಕವಾಗಿ ಕೆಲಸ ಕೊಡದಿದ್ದರೆ, ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕು. ಅದನ್ನು ತಪ್ಪಿಸಲೆಂದೇ ಇರಬೇಕು, ಸೂಪರ್‌ವೈಸರ್ ಆ ದಿನಗಳಿಗೆಲ್ಲ ‘ಸ್ವಂತ ಕೆಲಸದ ನಿಮಿತ್ತ ರಜೆ’ ಎಂದು ಮೊದಲೇ ಟೈಪ್ ಮಾಡಿದ ಅರ್ಜಿಗೆ ಸಹಿ ಕೇಳುತ್ತಿದ್ದಾರೆ. ನಾನು ಸಹಿ ಹಾಕಿಲ್ಲ. ನಿಗದಿತ ವೇಳೆಗೆ ಗೇಟಿಗೆ ಬಂದು ಹಾಜರಾಗದಿದ್ದರೆ ಪರಿಹಾರದ ಹಕ್ಕು ತಪ್ಪಬಹುದಾದ್ದರಿಂದ, ಕರೆಯದ ದಿನವೂ ನಾವು ಕೆಲವರು ಹೋಗಿ ಗೇಟಿನ ಮುಂದೆ ಫೋಟೊ ತೆಗೆದುಕೊಳ್ಳುತ್ತಿದ್ದೇವೆ.

ಇನ್ನೊಂದು ಚಿಂತೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಸೌಲಭ್ಯದ್ದು. ಅದರ ಕಾಯಿಲೆ ಭತ್ಯೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಬೇಕು. ವಾರಕ್ಕೆ ಮೂರು ದಿನವೆಂದರೆ 26 ವಾರಕ್ಕೆ ಲೆಕ್ಕ ಅಲ್ಲಿಗಲ್ಲಿಗೆ; ಒಂದು ದಿನ ತಪ್ಪಿದರೂ ಕಡಿಮೆ ಬೀಳುತ್ತದೆ.

ದೂರಿನ ನಂತರ ಎರಡು ತಿಂಗಳ ಪಿಎಫ್ ಜಮೆಯಾಗಿದೆ. ಉಳಿದದ್ದು ಬಾಕಿಯಿದೆ; ಲೇ-ಆಫ್ ಪರಿಹಾರದ ಅರ್ಜಿಯನ್ನು ಸಹೋದ್ಯೋಗಿಗಳೊಂದಿಗೆ ಸೇರಿ ಕಾರ್ಮಿಕ ಅಧಿಕಾರಿಗಳಿಗೆ ಕೊಟ್ಟಿದ್ದೇವೆ.