ಬೇಕಲದಲ್ಲಿ ಮೂರು ತಿಂಗಳು ಉಳಿಯುವ ಫ್ರೆಂಚರಿಗೆ ಅವರ ಊರಿನ ತಿನಿಸು: ಇಲ್ಲೇ ಎಂತೆಂತ ಮಾಡಬಹುದು?

ಬೇಕಲದಮನೆ (ಪ್ರಶ್ನೆ)

ನಮ್ಮ ಹೋಂಸ್ಟೇಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಫ್ರಾನ್ಸಿನ ದಂಪತಿ ಬರುತ್ತಾರೆ, ಅಲ್ಲಿನ ಬ್ರಿಟನಿ ಪ್ರಾಂತ್ಯದ ಕಡೆಯವರು. ನೀರ್‌ದೋಸೆ, ಪುಂಡಿ, ಮೀನು ಸಾರು ಎಲ್ಲ ಆಗುತ್ತದೆ ಅಂದಿದ್ದಾರೆ. ಆದರೆ ಹೊರದೇಶದಲ್ಲಿ ತಿಂಗಳು ಕಳೆದ ಮೇಲೆ ಎಂತ ನೆನಪಾಗುತ್ತದೆ ಅಂತ ಕೇಳಿದ್ದಕ್ಕೆ ಬಂದ ಪಟ್ಟಿ ಇದು: ಬಾಗೆಟ್ (ಉದ್ದನೆಯ ಗರಿಗರಿ ಬ್ರೆಡ್), ಉಪ್ಪು ಹಾಕಿದ ಬೆಣ್ಣೆ, ಕ್ರೆಮ್ ಫ್ರೆಶ್ (ಹೆಪ್ಪು ಹಾಕಿದ ದಪ್ಪ ಕೆನೆ), ದಿಜೋನ್ ಸಾಸಿವೆ (ಅರೆದ ಸಾಸಿವೆಯ ಖಾರದ ಲೇಪ), ಕೊರ್ನಿಶೋನ್ (ವಿನೆಗರಿನಲ್ಲಿ ಹಾಕಿದ ಸೌತೆ ಮಿಡಿ), ಚೀಸ್, ಸೊಸಿಸೋನ್ (ಒಣಗಿಸಿದ ಹಂದಿ ಸಾಸೇಜು), ಹುರುಳಿ ಗೋಧಿಯ (ಬಕ್‌ವೀಟ್) ಗಾಲೆಟ್ ಎಂಬ ತೆಳು ದೋಸೆ, ಕ್ರೆಮ್ ದ ಮಾರೋನ್ (ಚೆಸ್ಟ್‌ನಟ್ಟಿನ ಸಿಹಿ ಲೇಪ).

ನಮ್ಮಲ್ಲಿ ಇರುವುದು 250 ಡಿಗ್ರಿವರೆಗೆ ಹೋಗುವ ಒಟಿಜಿ (ಸಣ್ಣ ಕರೆಂಟ್ ಓವನ್), ಗ್ರೈಂಡರ್, ಮಿಕ್ಸಿ, ಫ್ರಿಜ್, ತೂಕದ ಯಂತ್ರ. ಇದರಲ್ಲಿ ಯಾವುದಕ್ಕೆ ಕೈ ಹಾಕಬಹುದು, ಯಾವುದನ್ನು ತರಿಸಬೇಕು, ಯಾವುದರ ಆಸೆ ಬಿಡಬೇಕು? ಮಾಹೆಯಲ್ಲಿ ಸಿಗುತ್ತದೆ ಅಂತ ಒಬ್ಬರು ಹೇಳಿದರು, ಹೌದಾ?

ಬೋರ್ಮದಬೆಂಕಿ

ಮಾಹೆಯನ್ನು ಫ್ರೆಂಚರು 1954ರಲ್ಲಿ ಬಿಟ್ಟು ಹೋದರು ಮಾರಾಯ್ರೆ. ಈಗ ಅಲ್ಲಿಗೆ ಜನ ಹೋಗುವುದು ಬ್ರೆಡ್ಡಿಗಲ್ಲ, ಬಾಟ್ಲಿಗೆ.

ಮೊದಲು ಬಾಗೆಟ್ ನೋಡಿ. ಅದು ಸರಿ ಬಂದರೆ ಪಟ್ಟಿಯ ಅರ್ಧ ಮುಗಿದ ಹಾಗೆ. ಮೂರು ಹೊತ್ತೂ ಮೇಜಿನ ಮೇಲೆ ಇರುವುದು ಅದೊಂದೇ. 1993ರ ಫ್ರೆಂಚ್ ಆದೇಶದ ಪ್ರಕಾರ 'ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್' ಅಂತ ಮಾರಬೇಕಾದರೆ ಹಿಟ್ಟು, ನೀರು, ಉಪ್ಪು, ಹುಳಿ ಬರಿಸಲು ಯೀಸ್ಟ್ ಅಥವಾ ಹಳೇ ಹುಳಿಹಿಟ್ಟು, ಹೆಚ್ಚುಕಡಿಮೆ ಇಷ್ಟೇ. ರಾಸಾಯನಿಕ ಹಾಕುವ ಹಾಗಿಲ್ಲ, ಹಿಟ್ಟನ್ನು ಫ್ರೀಜ್ ಮಾಡುವ ಹಾಗಿಲ್ಲ. ನಮ್ಮ ಬೇಕರಿ ಬ್ರೆಡ್ಡಿಗೆ ಸಕ್ಕರೆ, ಕೊಬ್ಬು, ಮೆದು ಮಾಡುವ ಪುಡಿ ಎಲ್ಲ ಬೀಳುತ್ತದೆ. ಅವರಿಗೆ ಅದು ಕೇಕಿನ ತಮ್ಮನ ಹಾಗೆ ಕಾಣುವುದು ಸಹಜ.

ಲೆಕ್ಕ: ಮೈದಾ 450 ಗ್ರಾಂ, ಜರಡಿ ಹಿಡಿದ ಗೋಧಿ ಹಿಟ್ಟು 50, ನೀರು 325, ಉಪ್ಪು 9, ಇನ್‌ಸ್ಟಂಟ್ ಯೀಸ್ಟ್ 1.5 ಗ್ರಾಂ. ಮೈದಾ ಪ್ಯಾಕೆಟ್ಟಿನ ಹಿಂದೆ ಪ್ರೊಟೀನ್ 100 ಗ್ರಾಮಿಗೆ 10ರಿಂದ 11 ಇರುವುದನ್ನು ಆರಿಸಿ. ಗೋಧಿ ಹಿಟ್ಟು ಬಣ್ಣಕ್ಕೆ, ವಾಸನೆಗೆ ಮಾತ್ರ. ಹತ್ತರಲ್ಲಿ ಒಂದು ಪಾಲು ದಾಟಬೇಡಿ. ಚಕ್ಕಿಯ ಕಲ್ಲಿನಲ್ಲಿ ಪಿಷ್ಟದ ಕಣ ಒಡೆದಿರುವುದರಿಂದ ಅದು ನೀರು ಜಾಸ್ತಿ ಕುಡಿದು ಅಂಟಂಟಾಗುತ್ತದೆ.

ನಮ್ಮ ಊರಿನಲ್ಲಿ ಕೆಡುವುದು ಸೆಕೆಯಿಂದ. ಕಲಸಿದ ಹಿಟ್ಟು 24 ಡಿಗ್ರಿಯಲ್ಲಿ ಇರಬೇಕು. 24ನ್ನು ಮೂರರಿಂದ ಗುಣಿಸಿದರೆ 72. ಅದರಲ್ಲಿ ಕೋಣೆಯ 33, ಹಿಟ್ಟಿನ 32 ಕಳೆಯಿರಿ, ಉಳಿದದ್ದು 7. ಅಂದರೆ ನೀರು 7 ಡಿಗ್ರಿಯದ್ದು, ಐಸ್ ನೀರು. ನಲ್ಲಿ ನೀರಲ್ಲಿ ಕಲಸಿದರೆ ಎರಡು ಗಂಟೆಯಲ್ಲಿ ಉಬ್ಬಿ ಇಳಿದು ಹೋಗುತ್ತದೆ, ಒಲೆಗೆ ಹೋದಾಗ ಏಳಲು ಶಕ್ತಿ ಇರುವುದಿಲ್ಲ.

ಹಿಟ್ಟು-ನೀರು ಮಾತ್ರ ಕಲಸಿ 30 ನಿಮಿಷ ಮುಚ್ಚಿಡಿ. ಆಮೇಲೆ ಯೀಸ್ಟ್, ಉಪ್ಪು. ನಾದಿ ನಾದಿ ಸುಸ್ತಾಗುವುದು ಬೇಡ. ಅರ್ಧ ಗಂಟೆಗೊಮ್ಮೆ ಮೂರು ಸಲ ನಾಲ್ಕು ಬದಿಯಿಂದ ಎಳೆದು ಮಡಚಿ, ರಾತ್ರಿ ಫ್ರಿಜ್ಜಿಗೆ, 12ರಿಂದ 16 ಗಂಟೆ. ಬೆಳಿಗ್ಗೆ ನಾಲ್ಕು ಪಾಲು ಮಾಡಿ, ಒಂದೊಂದು ಸುಮಾರು 208 ಗ್ರಾಂ. ಅಸಲಿ ಬಾಗೆಟ್ 60 ಸೆಂಟಿಮೀಟರ್ ಹತ್ತಿರ ಉದ್ದ, ಬೆಂದ ಮೇಲೆ 250 ಗ್ರಾಂ ಆಸುಪಾಸು. ಒಟಿಜಿಗೆ ಅದು ಹಿಡಿಸುವುದಿಲ್ಲ, 30 ಸೆಂಟಿಮೀಟರಿಗೆ ತೃಪ್ತಿಪಡಿ. 20 ನಿಮಿಷ ಬಿಟ್ಟು ಉದ್ದ ಸುತ್ತಿ, ಹಿಟ್ಟು ಉದುರಿಸಿದ ದಪ್ಪ ಬಟ್ಟೆಯ ಮಡಿಕೆಯಲ್ಲಿ 40 ನಿಮಿಷ ಇಡಿ.

ಒಟಿಜಿಯೊಳಗೆ ದೋಸೆ ಕಾವಲಿ ಬೋರಲು ಇಟ್ಟು 250ರಲ್ಲಿ 40 ನಿಮಿಷ ಕಾಯಿಸಿ, ಕೆಳಗೆ ಒಂದು ಖಾಲಿ ತಟ್ಟೆ. ಹೊಸ ಬ್ಲೇಡನ್ನು ಓರೆ ಹಿಡಿದು ಉದ್ದಕ್ಕೆ ಮೂರು ಗೀರು, ಒಂದರ ತುದಿ ಇನ್ನೊಂದರ ಪಕ್ಕ ಬರುವ ಹಾಗೆ. ಅಡ್ಡ ಗೀರಿದರೆ ಬಾಯಿ ಬಿಡುವುದಿಲ್ಲ. ಒಳಗೆ ಜಾರಿಸಿ, ಕೆಳಗಿನ ತಟ್ಟೆಗೆ ಅರ್ಧ ಗ್ಲಾಸು ಕುದಿಯುವ ನೀರು ಹೊಯ್ದು ತಕ್ಷಣ ಬಾಗಿಲು ಹಾಕಿ. ಬಾಗಿಲಿನ ಗಾಜಿಗೆ ನೀರು ತಾಗದ ಹಾಗೆ ನೋಡಿ, ಬಿರುಕು ಬಿಡುತ್ತದೆ. ಹತ್ತು ನಿಮಿಷಕ್ಕೆ ಬಾಗಿಲು ತೆರೆದು ಆವಿ ಹೊರಗೆ ಬಿಟ್ಟು, ಇನ್ನು ಹತ್ತು-ಹನ್ನೆರಡು ನಿಮಿಷ. ಆವಿ ಇಲ್ಲದಿದ್ದರೆ ಸಿಪ್ಪೆ ಬೇಗ ಗಟ್ಟಿಯಾಗಿ ಬ್ರೆಡ್ ಬದಿಯಲ್ಲಿ ಒಡೆಯುತ್ತದೆ, ಬಣ್ಣ ಬೂದು. ಆವಿ ಕೊನೆವರೆಗೂ ಉಳಿದರೆ ಸಿಪ್ಪೆ ಚರ್ಮದ ಹಾಗೆ.

ಕಡಲ ಬದಿಯ ಗಾಳಿಗೆ ಮೂರು ಗಂಟೆಯಲ್ಲಿ ಗರಿಗರಿ ಹೋಗುತ್ತದೆ, ಅದು ನಿಮ್ಮ ತಪ್ಪಲ್ಲ. ಬಡಿಸುವ ಮೊದಲು 200ರಲ್ಲಿ ನಾಲ್ಕು ನಿಮಿಷ. ಹತ್ತಿರ ಸೌದೆ ಬೋರ್ಮ (ಬೇಕರಿಯ ದೊಡ್ಡ ಒಲೆ) ಇರುವ ಬೇಕರಿ ಇದ್ದರೆ ಮಾತಾಡಿ ನೋಡಿ: ಬೆಂಕಿ ಎಳೆದ ಮೇಲಿನ ಮೊದಲ ಕಾವು ಅವರ ಬನ್ನಿಗೆ ಜಾಸ್ತಿ, ಬಾಗೆಟ್ಟಿಗೆ ಸರಿ.

ಬೆಣ್ಣೆಗೆ ತಲೆ ಕೆಡಿಸಿಕೊಳ್ಳಬೇಡಿ, ಉಪ್ಪಿನ ಪ್ಯಾಕೆಟ್ ಬೆಣ್ಣೆ ಸಾಕು.

ಹಟ್ಟಿಬಾಗಿಲು

ಬ್ರೆಡ್ಡಿನ ಬಗ್ಗೆ ಬೋರ್ಮದಣ್ಣ ಹೇಳಿದ್ದಕ್ಕೆ ಎದುರಿಲ್ಲ. ಬೆಣ್ಣೆ ಮಾತ್ರ ಒಪ್ಪಲಾರೆ, ಅದೂ ಬ್ರಿಟನಿಯವರಿಗೆ! ರಾಜರ ಕಾಲದ ಉಪ್ಪಿನ ತೆರಿಗೆ ಬ್ರಿಟನಿಗೆ ಇರಲಿಲ್ಲ, ಹಾಗಾಗಿ ಅಲ್ಲಿ ಬೆಣ್ಣೆಗೆ ಉಪ್ಪು ಧಾರಾಳ. ಇವತ್ತಿಗೂ ಸಪ್ಪೆ ಬೆಣ್ಣೆ ಅವರಿಗೆ ಬೇಡ. ಫ್ರಾನ್ಸಿನಲ್ಲಿ ಸಪ್ಪೆ ಬೆಣ್ಣೆಯಲ್ಲಿ ಕೊಬ್ಬು ಕನಿಷ್ಠ 82 ಶೇಕಡಾ ಇರಬೇಕು, ನಮ್ಮ ಪ್ಯಾಕೆಟ್ಟಿನದ್ದು 80. ಅದು ದೊಡ್ಡ ವ್ಯತ್ಯಾಸವಲ್ಲ. ವ್ಯತ್ಯಾಸ ಹುಳಿಯದ್ದು: ಅವರ ಒಳ್ಳೆ ಬೆಣ್ಣೆ ಹೆಪ್ಪು ಹಾಕಿದ ಕೆನೆಯಿಂದ ತೆಗೆದದ್ದು. ಅಂದರೆ ನಮ್ಮ ಮನೆಯ ಕಡೆದ ಬೆಣ್ಣೆ ಅದಕ್ಕೆ ಹತ್ತಿರದ ಸಂಬಂಧಿ.

ಆದರೆ ನಾವು ಬೆಣ್ಣೆಯನ್ನು ಹೇಗೂ ಕಾಯಿಸಿ ತುಪ್ಪ ಮಾಡುತ್ತೇವಲ್ಲ, ವಾರದ ಕೆನೆ ಕೂಡಿಟ್ಟು ಹುಳಿ ಏರಿದರೂ ಲೆಕ್ಕಕ್ಕಿಲ್ಲ. ಇಲ್ಲಿ ಹಾಗೆ ಆಗದು. ಕೆನೆ ಎರಡೇ ದಿನದ್ದು ಇರಲಿ. ಅರ್ಧ ಲೀಟರ್ ಕೆನೆಗೆ ಎರಡು ಚಮಚ ಹುಳಿಯಿಲ್ಲದ ಮೊಸರು, ಹೊರಗೆ ಆರು ಗಂಟೆ, ಆಮೇಲೆ ಫ್ರಿಜ್ಜಿನಲ್ಲಿ ಒಂದು ರಾತ್ರಿ. ಕಡೆಯುವಾಗ ಕೆನೆ 12ರಿಂದ 14 ಡಿಗ್ರಿ ಇರಲಿ. ಬಿಸಿ ಇದ್ದರೆ ಬೆಣ್ಣೆ ಎಣ್ಣೆ ಎಣ್ಣೆಯಾಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ. ಕಾಳುಕಾಳಾದ ಕೂಡಲೇ ನಿಲ್ಲಿಸಿ ಮಜ್ಜಿಗೆ ಬಸಿದು, ಐಸ್ ನೀರಿನಲ್ಲಿ ಮೂರ್ನಾಲ್ಕು ಸಲ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಮರದ ಸಟ್ಟುಗದಲ್ಲಿ ಒತ್ತಿ ಒತ್ತಿ ನೀರು ಹಿಂಡಿ. ಒಳಗೆ ಉಳಿದ ಮಜ್ಜಿಗೆಯೇ ನಾಲ್ಕನೇ ದಿನಕ್ಕೆ ವಾಸನೆ ತರಿಸುವುದು. 200 ಗ್ರಾಂ ಬೆಣ್ಣೆಗೆ 5 ಗ್ರಾಂ ಉಪ್ಪು. ಅರ್ಧ ಪುಡಿ, ಅರ್ಧ ಹರಳು. ಬ್ರೆಡ್ಡಿನ ಮೇಲೆ ಹಲ್ಲಿಗೆ ಹರಳು ಸಿಕ್ಕಬೇಕು ಅವರಿಗೆ.

ಕ್ರೆಮ್ ಫ್ರೆಶ್ ಇನ್ನೂ ಸುಲಭ, ಆದರೆ ಕೆನೆ ಆರಿಸುವಲ್ಲಿ ಎಲ್ಲರೂ ಬೀಳುತ್ತಾರೆ. ಅಂಗಡಿಯ 'ಫ್ರೆಶ್ ಕ್ರೀಮ್' ಡಬ್ಬಿಯಲ್ಲಿ ಕೊಬ್ಬು 25 ಶೇಕಡಾ, ಅದು ಗಟ್ಟಿ ಆಗುವುದಿಲ್ಲ, ಬಿಸಿ ಸಾಸಿಗೆ ಹಾಕಿದರೆ ಒಡೆದು ಮೊಸರು ಮೊಸರಾಗುತ್ತದೆ. ಕೇಕಿನವರು ಕೊಡುವ ವಿಪ್ಪಿಂಗ್ ಕ್ರೀಮ್ ಹೆಚ್ಚಿನದ್ದು ತಾಳೆಯೆಣ್ಣೆಯದ್ದು, ಸಿಹಿ ಬೇರೆ. ಪ್ಯಾಕೆಟ್ಟಿನಲ್ಲಿ ಹಾಲಿನ ಕೊಬ್ಬು 30ಕ್ಕಿಂತ ಮೇಲೆ ಅಂತ ಬರೆದದ್ದೇ ಬೇಕು. 250 ಮಿಲಿಗೆ ಒಂದು ದೊಡ್ಡ ಚಮಚ ಮೊಸರು. ಫ್ರಾನ್ಸಿನ ಹವೆಗೆ ಬರೆದ ಪಾಕವಿಧಾನದಲ್ಲಿ 12ರಿಂದ 24 ಗಂಟೆ ಹೊರಗಿಡಿ ಅಂತ ಇರುತ್ತದೆ. ಮಾರ್ಚಿನ ಬೇಕಲದಲ್ಲಿ ಅಷ್ಟು ಹೊತ್ತು ಇಟ್ಟರೆ ಕೋಳಿಗೂ ಬೇಡ. ಐದರಿಂದ ಏಳು ಗಂಟೆ, ಅಂಚು ಅಲ್ಲಾಡಿಸಿದರೆ ಪಾಯಸದ ಹಾಗೆ ದಪ್ಪ ಕಂಡಾಗ ಫ್ರಿಜ್ಜಿಗೆ. ಮರುದಿನ ಚಮಚ ನಿಲ್ಲುತ್ತದೆ.

ಸಾಸ್ಮೆಪ್ರಿಯ

ದಿಜೋನ್ ಸಾಸಿವೆಗೆ ದುಡ್ಡು ಸುರಿಯಬೇಡಿ. ಅದಕ್ಕೆ ಹಾಕುವುದು ಕಂದು ಸಾಸಿವೆ, ನಮ್ಮ ಒಗ್ಗರಣೆ ಡಬ್ಬಿಯ ಜಾತಿಯೇ. ದಿಜೋನ್ ಎಂಬುದು ಮಾಡುವ ಕ್ರಮದ ಹೆಸರು, ಊರಿನ ಹಕ್ಕಲ್ಲ. ಬೀಜದ ಬಹುಪಾಲು ಅಲ್ಲಿಗೆ ಕೆನಡಾದಿಂದ ಹೋಗುತ್ತಿತ್ತು; 2021ರಲ್ಲಿ ಕೆನಡಾದಲ್ಲಿ ಬರ ಬಂದು 2022ರಲ್ಲಿ ಫ್ರಾನ್ಸಿನ ಅಂಗಡಿಗಳ ಸಾಸಿವೆ ಕಪಾಟೇ ಖಾಲಿ.

ಸಾಸಿವೆ 100 ಗ್ರಾಂ ತೊಳೆದು, 120 ಮಿಲಿ ತೆಂಗಿನ ವಿನೆಗರ್ ಮತ್ತು 60 ಮಿಲಿ ತಣ್ಣೀರಲ್ಲಿ ಒಂದೂವರೆ ದಿನ ನೆನೆಸಿ. ಬಾಟ್ಲಿಯ ಕೃತಕ ವಿನೆಗರ್ ಆದರೆ ಮೂಗಿಗೆ ಬರೀ ಆಸಿಡ್ ಹೊಡೆಯುತ್ತದೆ. 6 ಗ್ರಾಂ ಉಪ್ಪು ಸೇರಿಸಿ ಅರೆಯಿರಿ, ಮಿಕ್ಸಿಯಾದರೆ ಹತ್ತು ಸೆಕೆಂಡು ತಿರುಗಿಸಿ ನಿಲ್ಲಿಸಿ, ಜಾರು ಬಿಸಿಯಾಗಬಾರದು. ಸಾಸಿವೆಯ ಖಾರ ಬೀಜದಲ್ಲಿ ಸಿದ್ಧವಾಗಿ ಕುಳಿತಿಲ್ಲ. ಜಜ್ಜಿ ನೀರು ತಾಗಿದಾಗ ಒಂದು ಕಿಣ್ವ ಅದನ್ನು ಹುಟ್ಟಿಸುವುದು, ಬಿಸಿ ತಾಗಿದರೆ ಆ ಕಿಣ್ವವೇ ಸಾಯುತ್ತದೆ. ಹುಳಿ ಆ ಖಾರವನ್ನು ಹಾರಿಹೋಗದಂತೆ ಹಿಡಿದಿಡುತ್ತದೆ. ಆಮೇಲೆ ಸಣ್ಣ ಜರಡಿಯಲ್ಲಿ ಸಟ್ಟುಗದಿಂದ ತಿಕ್ಕಿ ಸಿಪ್ಪೆ ಬೇರೆ ಮಾಡಿ. ಅರ್ಧದಷ್ಟೇ ಇಳಿಯುತ್ತದೆ, ಬೇಸರ ಬೇಡ, ಉಳಿದ ಸಿಪ್ಪೆ ಉಪ್ಪಿನಕಾಯಿಗೆ ಆಯಿತು.

ಅವತ್ತೇ ನೆಕ್ಕಿ ನೋಡಿ 'ಕಹಿ' ಅಂತ ಚೆಲ್ಲಬೇಡಿ. ಸಾಸ್ಮೆಗೆ (ಕಾಯಿ-ಸಾಸಿವೆ ಅರೆದು ಮಾಡುವ ಪದಾರ್ಥ) ಸಾಸಿವೆ ಜಾಸ್ತಿ ಅರೆದರೆ ಬರುವ ಅದೇ ಕಹಿ ಇದು. ಮುಚ್ಚಿಟ್ಟರೆ ನಾಲ್ಕೈದು ದಿನದಲ್ಲಿ ಇಳಿದು ಮೂಗಿಗೇರುವ ಖಾರ ಮಾತ್ರ ಉಳಿಯುತ್ತದೆ.

ಕೊರ್ನಿಶೋನ್ ವಿಷಯ ಕೇಳಿದರೆ ನಗು ಬರಬಹುದು. ಫ್ರಾನ್ಸಿನ ಜಾಡಿಗಳಲ್ಲಿ ಇರುವ ಕೊರ್ನಿಶೋನಿನ ಬಹುಪಾಲು ಭಾರತದಲ್ಲಿ ಬೆಳೆದದ್ದು, ಮುಖ್ಯವಾಗಿ ಕರ್ನಾಟಕ, ತಮಿಳುನಾಡಿನ ಹೊಲಗಳಲ್ಲಿ. ನಮ್ಮ ರೈತರು ಮಿಡಿಸೌತೆ ಅನ್ನುವುದು ಇದಕ್ಕೇ. ಕಾಸರಗೋಡಲ್ಲಿ ಅದು ಸಿಗದಿದ್ದರೆ ಮುಳ್ಳುಸೌತೆಯ ಬೆರಳುದ್ದದ ಎಳೆ ಮಿಡಿ ಕೊಯ್ಯಿರಿ, ಆರು ಸೆಂಟಿಮೀಟರ್ ದಾಟಿದರೆ ಒಳಗೆ ಬೀಜ ಬಲಿತು ಪೊಳ್ಳಾಗುತ್ತದೆ. ಹೂವಿನ ಕಡೆಯ ತುದಿ ಚೂರು ಕತ್ತರಿಸಲೇಬೇಕು, ಮಿಡಿಯನ್ನು ಮೆತ್ತಗೆ ಮಾಡುವ ಕಿಣ್ವ ಇರುವುದು ಅಲ್ಲಿ. ಅರ್ಧ ಕೆಜಿಗೆ 50 ಗ್ರಾಂ ಕಲ್ಲುಪ್ಪು ಉಜ್ಜಿ ಒಂದು ರಾತ್ರಿ, ಬಿಟ್ಟ ನೀರು ಚೆಲ್ಲಿ ಬಟ್ಟೆಯಲ್ಲಿ ಒರೆಸಿ. ಜಾಡಿಗೆ ಸಣ್ಣ ನೀರುಳ್ಳಿ, ಕರಿಮೆಣಸು, ಸಾಸಿವೆ ಹಾಕಿ, ವಿನೆಗರ್ ಕುದಿಸಿ ತಣಿಸಿ ಮುಳುಗುವಷ್ಟು ಹೊಯ್ಯಿರಿ. ನೀರು ಬೆರೆಸಬೇಡಿ, ಸಕ್ಕರೆ ಬೇಡವೇ ಬೇಡ. ಮೂರು ವಾರ ಫ್ರಿಜ್ಜಿನಲ್ಲಿ. ಫೆಬ್ರವರಿಗೆ ಬರುವವರಿಗೆ ಜನವರಿ ಮೊದಲ ವಾರವೇ ಹಾಕಿಡಿ.

ಬೇಕಲದಮನೆ

ತುಂಬ ಉಪಕಾರವಾಯಿತು. ಗಾಲೆಟ್, ಚೀಸ್, ಸೊಸಿಸೋನ್, ಆ ಮಾರೋನ್ ಉಳಿಯಿತು. ಗಾಲೆಟ್ಟಿಗೆ ರಾಗಿ ಆಗಬಹುದಾ?

ಗಡಿನಾಡಅಡುಗೆ

ರಾಗಿ ಬಣ್ಣಕ್ಕೆ ಆದೀತು, ರುಚಿಗೆ ಆಗದು. ಅದಕ್ಕೆ ಬೇಕಾದದ್ದು ನಿಮ್ಮ ಪಟ್ಟಿಯ ಹುರುಳಿ ಗೋಧಿಯೇ, ಉತ್ತರದವರು ನವರಾತ್ರಿ ವ್ರತಕ್ಕೆ ತಿನ್ನುವ ಕುಟ್ಟು. ಹೆಸರಲ್ಲಿ ಗೋಧಿ ಇದ್ದರೂ ಅದು ಗೋಧಿಯ ಕುಲವಲ್ಲ. ಹಬ್ಬ ಕಳೆದು ಉಳಿದ ಹಿಟ್ಟು ಕಮಟು ವಾಸನೆ ಬರುತ್ತದೆ, ಆದ್ದರಿಂದ ಇಡೀ ಕಾಳು ತರಿಸಿ ಬೇಕಾದಷ್ಟೇ ಬೀಸಿ. 330 ಗ್ರಾಂ ಹಿಟ್ಟು, 10 ಗ್ರಾಂ ಕಲ್ಲುಪ್ಪು, 750 ಮಿಲಿ ನೀರು, ಒಂದು ಮೊಟ್ಟೆ. ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಕಾವಲಿ ನೀರ್‌ದೋಸೆಯಷ್ಟೇ ಬಿಸಿ, ಆದರೆ ಎರಚುವುದಲ್ಲ, ಮಧ್ಯಕ್ಕೆ ಹೊಯ್ದು ಮರದ ಪಟ್ಟಿಯಲ್ಲಿ ಒಂದೇ ಸುತ್ತಿಗೆ ತೆಳ್ಳಗೆ ಎಳೆಯಬೇಕು. ಅಂಟಿನ ಗುಣ ಇಲ್ಲದ ಹಿಟ್ಟು, ಎರಡನೇ ಸುತ್ತು ಎಳೆದರೆ ಹರಿಯುತ್ತದೆ. ಮೇಲೆ ಬೆಣ್ಣೆ, ಮಧ್ಯೆ ಮೊಟ್ಟೆ ಒಡೆದು ಚೀಸ್ ತುರಿದು ನಾಲ್ಕು ಬದಿ ಮಡಚಿ ಚೌಕ ಮಾಡಿ.

ಚೀಸ್ ಮನೆಯಲ್ಲಿ ಬೇಡ. ಬೂಸ್ಟು ಬರಿಸಿ ಹಣ್ಣಾಗಿಸುವ ಕಮಾಂಬೆರಿಗೆ ವಾರಗಟ್ಟಲೆ 12 ಡಿಗ್ರಿ ಹತ್ತಿರದ ತಂಪು ಬೇಕು. ಫ್ರಿಜ್ ಅದಕ್ಕಿಂತ ತಣ್ಣಗೆ, ಕೋಣೆ ಮೂರು ಪಟ್ಟು ಬಿಸಿ. ಪುದುಚೇರಿ ಹತ್ತಿರದ ಆರೋವಿಲ್ ಮತ್ತು ಕೊಡೈಕನಾಲಿನಲ್ಲಿ ಮಾಡುವ ಚೀಸ್ ತರಿಸಿ. ಪುದುಚೇರಿ–ಮಂಗಳೂರು ರೈಲು ಕಾಸರಗೋಡಿನ ಮೇಲೆಯೇ ಬರುತ್ತದೆ, ಯಾರಾದರೂ ಬರುವವರಿದ್ದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು ಕಳಿಸಬಹುದು. ಚೀಸ್ ಅವರು ಊಟ ಆಗಿ ಸಿಹಿಗೆ ಮೊದಲು ತಿನ್ನುವುದು. ಅಲ್ಲಿ ಒಂದು ಗಂಟೆ ಮೊದಲೇ ಹೊರಗಿಡುತ್ತಾರೆ, ಇಲ್ಲಿ ಕಾಲು ಗಂಟೆ ದಾಟಿದರೆ ಬೆವರುತ್ತದೆ.

ಸೊಸಿಸೋನ್ ಆಸೆ ಬಿಡಿ. ಹಸಿ ಮಾಂಸ ಬೇಯಿಸದೆ ಒಣಗಿಸುವ ಕೆಲಸ, ತಂಪು ಕೋಣೆ, ಅಳೆದ ತೇವ, ನೈಟ್ರೈಟ್ ಉಪ್ಪು ಇಲ್ಲದೆ ಮಾಡಿದರೆ ವಿಷವಾಗುವ ಅಪಾಯ ನಿಜವಾದದ್ದು. ಮುಂದೆ ಅವರು ಫುವಾ ಗ್ರಾ (ಕೊಬ್ಬಿಸಿದ ಬಾತುಕೋಳಿಯ ಪಿತ್ತಜನಕಾಂಗ) ಕೇಳಿದರೂ ಕೈ ಮುಗಿಯಿರಿ, ಅದರ ಆಮದನ್ನು ಭಾರತ 2014ರಲ್ಲೇ ನಿಷೇಧಿಸಿದೆ.

ಕ್ರೆಮ್ ದ ಮಾರೋನ್ ಅಂದರೆ ಚೆಸ್ಟ್‌ನಟ್ಟಿನ ಸಿಹಿ ಹಲ್ವದಂಥ ಲೇಪ, 1885ರಿಂದ ಆರ್ದೆಶ್ ಪ್ರಾಂತ್ಯದಲ್ಲಿ ಡಬ್ಬಿಗೆ ತುಂಬುತ್ತಿದ್ದಾರೆ. ಅದಕ್ಕೆ ನಮ್ಮ ಹಲಸಿನ ಬೇಳೆ ಆಗುತ್ತದೆ! ಮಾರ್ಚ್ ಕೊನೆಗೆ ಮೊದಲ ಹಣ್ಣು ಬಂದಾಗ ಮಾಡಿ. ಬೇಯಿಸಿದ ಬೇಳೆ ಅರ್ಧ ಕೆಜಿ, ಬಿಳಿ ಸಿಪ್ಪೆಯ ಜೊತೆ ಒಳಗಿನ ಕಂದು ಪೊರೆಯನ್ನೂ ಕೆರೆಯಬೇಕು, ಇಲ್ಲದಿದ್ದರೆ ಒಗರು. ಬಿಸಿ ಇರುವಾಗಲೇ ಸ್ವಲ್ಪ ನೀರು ಹಾಕಿ ನುಣ್ಣಗೆ ಅರೆದು, 350 ಗ್ರಾಂ ಸಕ್ಕರೆ, ಒಟ್ಟು 300 ಮಿಲಿ ನೀರಿನ ಜೊತೆ ಸಣ್ಣ ಉರಿಯಲ್ಲಿ ಕಾಯಿಸಿ. ಹಲ್ವದ ಹಾಗೆ ತಳ ಬಿಡುವವರೆಗೆ ಕಾಯಬೇಡಿ. ಪಿಷ್ಟ ಜಾಸ್ತಿ, ತಣಿದ ಮೇಲೆ ಕಲ್ಲಾಗುತ್ತದೆ. ಸೌಟಿನಿಂದ ದಪ್ಪಗೆ ಬೀಳುವಾಗಲೇ ಇಳಿಸಿ. ವೆನಿಲಾ ಹುಚ್ಚಿನ ಕಾಲದ ಬಳ್ಳಿ ಯಾರದ್ದಾದರೂ ಅಡಿಕೆ ತೋಟದ ಮೂಲೆಯಲ್ಲಿ ಉಳಿದಿದ್ದರೆ ಹದ ಮಾಡಿದ ಒಂದು ಕೋಡು ಸೀಳಿ ಹಾಕಿ. ಚೆಸ್ಟ್‌ನಟ್ಟಿನ ಪರಿಮಳ ಬಾರದು, ನಾಲಗೆಗೆ ಸಿಗುವ ಹಿಟ್ಟುಹಿಟ್ಟಾದ ನುಣುಪು ಮಾತ್ರ ಅದೇ.

ಹಟ್ಟಿಬಾಗಿಲು

ಅದರ ಮೇಲೆ ಒಂದು ಚಮಚ ಕ್ರೆಮ್ ಫ್ರೆಶ್ ಹಾಕಿ ಕೊಡಿ, ಅಲ್ಲಿ ಮಕ್ಕಳು ತಿನ್ನುವುದು ಹಾಗೆಯೇ. ಮತ್ತೆ, ಬೆಣ್ಣೆ ತೆಗೆದು ಉಳಿದ ಮಜ್ಜಿಗೆ ಚೆಲ್ಲಬೇಡಿ. ಬ್ರಿಟನಿಯವರು ಅದನ್ನು ಲೇ ರಿಬೋ ಅಂತ ಗಾಲೆಟ್ ಜೊತೆ ಲೋಟದಲ್ಲಿ ಕುಡಿಯುತ್ತಾರೆ. ಶುಂಠಿ, ಹಸಿಮೆಣಸು ಮಾತ್ರ ಹಾಕಬೇಡಿ.