ಸಹಾಯ ಬೇಕು: ಉಪ್ಪಿನಕಾಯಿ ಬ್ರ್ಯಾಂಡ್ ಹೆಸರು ಬದಲಿಸಲಾ?

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಹತ್ತಿರದವರು. ಮನೆಯಲ್ಲೇ ಅಪ್ಪೆಮಿಡಿ (ನಮ್ಮ ಕಡೆಯ ಘಮಘಮ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರುತ್ತೇವೆ, ಜೊತೆಗೆ ಸ್ವಲ್ಪ ಚಟ್ನಿಪುಡಿ.

ತಲೆನೋವು ಹೆಸರಿನದ್ದು. ಮೂರು ವರ್ಷದ ಹಿಂದೆ ಮಗ ಲೇಬಲ್ ಮೇಲೆ ಸ್ಟೈಲಾಗಿ ಒಂದು ಇಂಗ್ಲಿಷ್ ಹೆಸರು ಹಾಕಿಸಿದ. ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ. ಬೆಂಗಳೂರಿನಿಂದ ಫೋನ್ ಮಾಡುವವರೂ "ಅಜ್ಜಿ ಫೋಟೋ ಇರೋ ಉಪ್ಪಿನಕಾಯಿ ಅಲ್ವಾ?" ಅಂತಲೇ ಕೇಳುತ್ತಾರೆ. (ಫೋಟೋದಲ್ಲಿರುವುದು ನಮ್ಮ ಅತ್ತೆ. ಸೊನೆಯ ವಾಸನೆ ನೋಡಿಯೇ ಮಿಡಿ ಯಾವ ಮರದ್ದು ಅಂತ ಹೇಳುವವರು!)

ಫೇಸ್‌ಬುಕ್‌ನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿದೆವು. ಲೈಕ್ ಬಂತು, ಆರ್ಡರ್ ಬರಲಿಲ್ಲ. ಮೇಳಗಳಲ್ಲಿ ರುಚಿ ತೋರಿಸಿದರೆ ಮಾತ್ರ ಬಾಟಲಿ ಖಾಲಿ.

ಈಗ ಟ್ರೇಡ್‌ಮಾರ್ಕ್ ಮಾಡಿಸಬೇಕು. ನಮ್ಮಂಥವರಿಗೆ ಆನ್‌ಲೈನ್‌ನಲ್ಲಿ ಒಂದು ಕ್ಲಾಸ್‌ಗೆ (ಅಂದರೆ ಸರಕಿನ ಒಂದು ವರ್ಗಕ್ಕೆ) 4,500 ರೂಪಾಯಿ. ಉಪ್ಪಿನಕಾಯಿ ಕ್ಲಾಸ್ 29ರಲ್ಲಿ, ಚಟ್ನಿಪುಡಿ 30ರಲ್ಲಿ ಬರುತ್ತೆ. ಅಲ್ಲಿಗೆ 9,000 ಆಯ್ತು. ಅಪ್ಪೆಮಿಡಿಗೆ ಜಿಐ (ಒಂದು ಪ್ರದೇಶದ ವಿಶೇಷ ಸರಕಿಗೆ ಸಿಗುವ ಭೌಗೋಳಿಕ ಗುರುತು) ಇದೆ, ಹಾಗಾಗಿ ಆ ಪದವನ್ನೇ ನಮ್ಮ ಸ್ವಂತ ಹೆಸರು ಮಾಡಿಕೊಳ್ಳುವ ಹಾಗಿಲ್ಲ. ಹಳೇ ಲೇಬಲ್ ಬೇರೆ ಒಂದು ಮೂಟೆ ಬಿದ್ದಿದೆ.

ಯಾರಿಗೂ ನೆನಪಿರದ ಈ ಹೆಸರಿಗೇ ದುಡ್ಡು ಹಾಕಲಾ, ಇಲ್ಲ ಮೊದಲು ಅಜ್ಜಿಯ ಹೆಸರಿಗೆ ಬದಲಿಸಿ ಆಮೇಲೆ ಅರ್ಜಿ ಹಾಕಲಾ? ನಡುವೆ ಹೆಸರು ಬದಲಿಸಿದವರು ಯಾರಾದರೂ ಇದ್ದರೆ ಹೇಳಿ, ಹಳೇ ಗಿರಾಕಿಗಳು ಕೈತಪ್ಪಿದರಾ?