ಅಕ್ರಿಲಿಕ್ ಲಿಕ್ವಿಡ್ ವಾಸನೆ, ಬೆರಳು ಬಿರುಕು: ಏನು ಮಾಡೋದು?

ದಂತಲ್ಯಾಬ್_ಮೈಸೂರು:
ಸರಸ್ವತಿಪುರಂನಲ್ಲಿ ಸಣ್ಣ ಡೆಂಟಲ್ ಲ್ಯಾಬ್. ಕೋಲ್ಡ್ ಕ್ಯೂರ್ (ಬಿಸಿ ಮಾಡದೆ ಗಟ್ಟಿಯಾಗೋ ಅಕ್ರಿಲಿಕ್, ಪೌಡರಿಗೆ ಲಿಕ್ವಿಡ್ ಸೇರಿಸೋದು) ಕಲಸುವಾಗ ಎಲ್ಲರಿಗೂ ತಲೆನೋವು, ಹುಡುಗರ ಬೆರಳ ತುದಿ ಬಿರಿಯುತ್ತಿದೆ. ಲೇಟೆಕ್ಸ್ ಗ್ಲೌಸ್ ಇದೆ, ಸೂರಿನ ಹತ್ತಿರ ಎಕ್ಸಾಸ್ಟ್ ಫ್ಯಾನ್ ಇದೆ. ಇನ್ನೇನು ಬೇಕು ಸಾರ್?

ಪಾಲಿಮರ್_ಮೇಷ್ಟ್ರು:
ಲೇಟೆಕ್ಸ್ ಇದ್ದೂ ಇಲ್ಲದಂಗೆ. ಆ ಲಿಕ್ವಿಡ್‌ನಲ್ಲಿರೋ ಮೀಥೈಲ್ ಮೆಥಾಕ್ರಿಲೇಟ್ ಕೆಲವೇ ನಿಮಿಷದಲ್ಲಿ ತೂರಿ ಬರುತ್ತೆ. ತೆಳು ನೈಟ್ರೈಲ್ (ಸಿಂಥೆಟಿಕ್ ರಬ್ಬರ್) ಗ್ಲೌಸೂ ಹೆಚ್ಚು ಹೊತ್ತು ತಡೆಯಲ್ಲ. ಸ್ಪ್ಯಾಚುಲಾದಲ್ಲೇ ಕಲಸಿ, ಕಲಸಿದ್ದನ್ನ ಅದುಮುವಾಗ ಬೆರಳಿಗೂ ಅದಕ್ಕೂ ನಡುವೆ ಪಾಲಿಥೀನ್ ಹಾಳೆ ಇಡಿ. ಅಲರ್ಜಿಗೆ ತಿರುಗಿದರೆ ಆಮೇಲೆ ಒಂದು ತೊಟ್ಟು ಸೋಕಿದರೂ ಕೆರಳುತ್ತೆ. ಚರ್ಮದ ಡಾಕ್ಟರಿಗೆ ಈಗಲೇ ತೋರಿಸಿ.

ಸೇಫ್ಟಿ_ಮಂಡ್ಯ:
ಫ್ಯಾನ್ ಜಾಗವೇ ತಪ್ಪು. ಆವಿ ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರ, ಕೆಳಗೇ ಹರಿಯುತ್ತೆ. ಮೇಜಿನ ಮಟ್ಟದಲ್ಲಿ, ಮುಖದಿಂದ ಆಚೆಗೆ ಎಳೆಯಬೇಕು. ಫ್ಲಾಶ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳೋ ಕನಿಷ್ಠ ಉಷ್ಣತೆ, ಸುಮಾರು 10 ಡಿಗ್ರಿ ಸೆಲ್ಸಿಯಸ್. ಮೈಸೂರಿನ ಚಳಿಗಾಲದಲ್ಲೂ ಒಂದು ಕಿಡಿ ಸಾಕು. ಮೇಣ ಕರಗಿಸೋ ಬರ್ನರ್ ಅದೇ ಮೇಜಲ್ಲಿಲ್ಲ ತಾನೆ?

ದಂತಲ್ಯಾಬ್_ಮೈಸೂರು:
ಪಕ್ಕದಲ್ಲೇ ಇದೆ! ಬಾಟಲಿ ಫ್ರಿಜ್ಜಲ್ಲಿ ಇಡಲಾ? ಸರ್ಜಿಕಲ್ ಮಾಸ್ಕ್ ಸಾಕಾ?

ಪಾಲಿಮರ್_ಮೇಷ್ಟ್ರು:
ಬರ್ನರ್ ಇವತ್ತೇ ಎತ್ತಿಡಿ. ಮನೆ ಫ್ರಿಜ್ ಬೇಡ, ಥರ್ಮೋಸ್ಟಾಟ್ ಕಿಡಿ ಹಾರಿಸುತ್ತೆ. ಕಂದು ಬಾಟಲಿ, ತಂಪು ನೆರಳು. ಕಂಠಮಟ್ಟ ತುಂಬಬೇಡಿ, ಲಿಕ್ವಿಡ್ ತಾನಾಗೇ ಗಟ್ಟಿಯಾಗದಂತೆ ತಡೆಯೋ ಹೈಡ್ರೋಕ್ವಿನೋನ್ ಕೆಲಸ ಮಾಡೋಕೆ ಗಾಳಿ ಬೇಕು. ಮಿಕ್ಕಿದ್ದನ್ನ ವಾಪಸ್ ಸುರೀಬೇಡಿ. ಪೌಡರಿನಲ್ಲಿರೋ, ಗಟ್ಟಿಯಾಗಿಸೋ ಪೆರಾಕ್ಸೈಡ್ ಸೇರಿದರೆ ಬಾಟಲಿಯಲ್ಲೇ ಗಟ್ಟಿಯಾಗಬಹುದು. ಸರ್ಜಿಕಲ್ ಮಾಸ್ಕ್ ಆವಿ ತಡೆಯಲ್ಲ. ಉಜ್ಜುವ ಧೂಳಿಗೆ ಎನ್95, ಆವಿಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ (ಆವಿ ಹೀರೋ ಫಿಲ್ಟರ್) ಇರೋ ಮಾಸ್ಕ್.